ಗಾಳಿಗೂ ಬಾಡಿಗೆ

ಇತ್ತೀಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಎಲ್ಲಿ ಯಾವ ಡಬ್ಬಿ ಕಂಡರೂ ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗಿನ ವಸ್ತು ಗುಡುಗುಡು ಉರುಳಿದರೆ ನನಗೆ ಸಂಕಟ. ಮೊನ್ನೆ ಒಂದು ಮದುವೆಯಲ್ಲಿ ಬೀಗರು ಸೀರೆಯ ಡಬ್ಬಿ ಕೊಟ್ಟಾಗ ಅವರೆದುರಿಗೇ ಅಲ್ಲಾಡಿಸಿಬಿಟ್ಟೆ. ಪಕ್ಕದಲ್ಲಿದ್ದ ನಮ್ಮವರು ಕೆಮ್ಮಿದರು. ಸೀರೆ ಹಗುರದ್ದೋ ಭಾರದ್ದೋ ಎಂದು ನಾನು ತೂಗಿ ನೋಡುತ್ತಿದ್ದೇನೆ ಎಂದುಕೊಂಡ ಬೀಗಿತಿ ಮುಖ ಸಣ್ಣದು ಮಾಡಿಕೊಂಡಳು. ನನ್ನ ಲಕ್ಷ್ಯವೆಲ್ಲ ಸೀರೆಯ ಸುತ್ತ ಇದ್ದ ಗಾಳಿಯ ಮೇಲಿತ್ತು. ಮದುವೆ ಮಂಟಪದಲ್ಲಿ ನಿಂತು ಇದನ್ನು ಯಾರಿಗೆ ಬಿಡಿಸಿ ಹೇಳುವುದು. ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮ ರಾಯಚೂರಿನಲ್ಲಿ ಗಾಳಿ ಎಂದರೆ ಅಷ್ಟು ಸುಲಭಕ್ಕೆ ಸಿಗುವ ಪದಾರ್ಥವಲ್ಲ. ಬೇಸಿಗೆ ಶುರುವಾಯಿತೆಂದರೆ ಬೇವಿನ ಮರದ ಒಂದು ಎಲೆಯೂ ಅಲ್ಲಾಡುವುದಿಲ್ಲ. ಕರೆಂಟು ಹೋದ ಹೊತ್ತಿನಲ್ಲಿ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತು ಸೆರಗು ಬೀಸಿಕೊಳ್ಳುತ್ತ, ‘ಒಂದೀಟು ಗಾಳಿ ಬಿಡೋ ನಮ್ಮಪ್ಪಾ’ ಎಂದು ಮೇಲೆ ನೋಡುತ್ತೇವೆ. ಅಂಥ ಊರಿನಲ್ಲಿ ಕುಳಿತು ನಾನು ಡಬ್ಬಿಗಟ್ಟಲೆ ಗಾಳಿಯನ್ನು ಅಂಟುಪಟ್ಟಿ ಹಚ್ಚಿ ಭದ್ರವಾಗಿ ಮುಚ್ಚಿ ಪುಣೆಗೆ, ಹೈದರಾಬಾದಿಗೆ, ಬೆಂಗಳೂರಿಗೆ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಗಾಳಿಗೆ ಬಾಡಿಗೆಯನ್ನೂ ನಾನೇ ಕಟ್ಟುತ್ತಿದ್ದೆ. ಇಷ್ಟು ದಿನ ಗೊತ್ತಿರಲಿಲ್ಲ ಎನ್ನುವುದೊಂದೇ ಸಮಾಧಾನ.

ನನ್ನದೊಂದು ಸಣ್ಣ ವ್ಯಾಪಾರವಿದೆ. ನಮ್ಮವರು ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಲಾರಿಗಟ್ಟಲೆ ಮಾಲಿನ ವಹಿವಾಟು ನೋಡಿ ಬರುವವರ ಎದುರಿಗೆ ‘ನನ್ನ ವ್ಯಾಪಾರ’ ಎಂದರೆ ಅವರು ಮೀಸೆಯೊಳಗೇ ನಗುತ್ತಾರೆ. ಕಡಕ್ ಜೋಳದ ರೊಟ್ಟಿ, ಜೊತೆಗೆ ಒಂದು ಪೊಟ್ಟಣ ಶೇಂಗಾ ಚಟ್ನಿ ಪುಡಿ. ನಾನು ಮಾರುವುದು ಇಷ್ಟೇ. ಊರೂರಿನವರು ಫೋನಿನಲ್ಲಿ ಕೇಳುತ್ತಾರೆ, ನಾನು ಡಬ್ಬಿ ಕಟ್ಟಿಡುತ್ತೇನೆ, ಕೊರಿಯರ್ ಕಂಪನಿಯವರು ಬಾಗಿಲಿಗೆ ಬಂದು ಒಯ್ಯುತ್ತಾರೆ. ನಮ್ಮ ಓಣಿಯ ಮಹಿಳಾ ಸಂಘದಲ್ಲಿ ಇದನ್ನು ಕಲಿಸಿದಾಗ ಉಳಿದವರೆಲ್ಲ ಸೀರೆ, ಬಳೆ ಮಾರಲು ಹೊರಟರು. ನನಗೆ ಗೊತ್ತಿದ್ದದ್ದು ರೊಟ್ಟಿ. ಅದನ್ನು ತಿನ್ನುವುದು ನನಗೆ ಚೆನ್ನಾಗಿ ಗೊತ್ತು; ಬಡಿಯುವುದು ನಾಗಮ್ಮನಿಗೆ ಗೊತ್ತು.

ನಾಗಮ್ಮ ದೇವದುರ್ಗದವಳು. ನನ್ನ ತವರೂ ದೇವದುರ್ಗವೇ. ನಮ್ಮ ಮನೆಯಲ್ಲಿ ಮದುವೆ ಮುಂಜಿ ಏನಿದ್ದರೂ ರೊಟ್ಟಿ ಬಡಿಯಲು ಅವಳೇ ಬರುತ್ತಿದ್ದಳು. ಅವಳು ಬಡಿಯುವ ಸಪ್ಪಳ ಕೇಳಿದರೆ ಊಟ ಮುಗಿಸಿ ಎದ್ದವರಿಗೂ ಮತ್ತೆ ಹಸಿವಾಗಬೇಕು. ತೆಳ್ಳಗೆ, ದುಂಡಗೆ, ಅಂಚಿನಲ್ಲಿ ಒಂದು ಬಿರುಕಿಲ್ಲದ ರೊಟ್ಟಿ. ಬೆಂದು ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಹಲಗೆಯಂತೆ ಟಕ್ ಎನ್ನುತ್ತದೆ. ‘ಯಾರ ಕೈಯಾಗಿನ ರೊಟ್ಟಿ ಮಾರ್ತೀಯವ್ವಾ?’ ಎಂದು ನಮ್ಮ ಪೈಕಿಯ ಒಬ್ಬ ಹಿರಿಯಳು ದನಿ ತಗ್ಗಿಸಿ ಕೇಳಿದ್ದುಂಟು. ‘ತೊಳಕೊಂಡ ಕೈಯಾಗಿಂದು’ ಎಂದೆ. ಮತ್ತೆ ಕೇಳಲಿಲ್ಲ. ಆಮೇಲೆ ಅವಳೇ ಎರಡು ಕಟ್ಟು ಒಯ್ದಳು.

ಗಂಡ ತೀರಿಕೊಂಡ ಮೇಲೆ ನಾಗಮ್ಮ ಕೆಲವು ವರ್ಷ ಗುಳೆ ಹೋದಳು. ಊರಿನಲ್ಲಿ ಕೂಲಿ ನಿಂತ ಕಾಲಕ್ಕೆ ಮೇಸ್ತ್ರಿಯೊಬ್ಬ ಗಾಡಿ ತರುತ್ತಾನೆ. ಓಣಿಯ ಜನ ಗಂಟು ಮೂಟೆ ಸಮೇತ ಅದರಲ್ಲಿ ಹತ್ತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಮಳೆಗಾಲಕ್ಕೆ ತಿರುಗಿ ಬರುತ್ತಾರೆ. ನಾಗಮ್ಮನಿಗೆ ಹೈಸ್ಕೂಲಿಗೆ ಹೋಗುವ ಒಬ್ಬ ಮಗಳಿದ್ದಾಳೆ. ಆಗೆಲ್ಲ ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಈ ರೊಟ್ಟಿಯ ಕೆಲಸ ಶುರುವಾದ ಮೇಲೆ ಆ ಗಾಡಿ ಹತ್ತಿರಲಿಲ್ಲ. ದೇವದುರ್ಗದಲ್ಲಿ ಬಡಿಯುತ್ತಾಳೆ, ಕಟ್ಟು ಕಟ್ಟುತ್ತಾಳೆ, ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ರಾಯಚೂರು ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಸಂಜೆ ದೀಪ ಹಚ್ಚಿ ಕುಳಿತಾಗ ಆ ದಿನ ದೇವರು ಮಾಡಿದ ಸಣ್ಣ ಪುಟ್ಟ ಉಪಕಾರಗಳನ್ನು ನೆನೆಸಿಕೊಳ್ಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳದ ನೀರು ಹೇಳಿದ ಹೊತ್ತಿಗೆ ಬಂತು, ಇಂಥವು. ಅವುಗಳ ನಡುವೆ ‘ನಾಗಮ್ಮ ಊರಲ್ಲೇ ಇದ್ದಾಳೆ’ ಎನ್ನುವುದೂ ಒಂದಾಗಿತ್ತು.

ಈ ವರ್ಷ ಕಂಪನಿಯವರು ಬಾಡಿಗೆಯ ಲೆಕ್ಕ ಬದಲಿಸಿದರು. ಮೊದಲು ಡಬ್ಬಿಯ ತೂಕ ನೋಡುತ್ತಿದ್ದವರು ಈಗ ಅದರ ಉದ್ದ, ಅಗಲ, ಎತ್ತರ ಅಳೆದು ಅದನ್ನೂ ಒಂದು ತೂಕ ಮಾಡತೊಡಗಿದರು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಸಾಲದ್ದಕ್ಕೆ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಿನ ಅಂಚಿಗಿಂತ ಕೂದಲೆಳೆ ಮೇಲೆ ಹೋದರೂ ಮುಂದಿನ ಮೆಟ್ಟಿಲಿನ ಪೂರ್ತಿ ದರ. ನನ್ನ ಡಬ್ಬಿ ಹೂವಿನಂತೆ ಹಗುರ; ಬಾಡಿಗೆ ಮಾತ್ರ ಬೆಲ್ಲದ ಪೆಂಟೆಯದು. ನನಗೆ ಇದು ಎಷ್ಟು ಯೋಚಿಸಿದರೂ ತಲೆಗೆ ಹೋಗಲಿಲ್ಲ. ಕಂಪನಿಯವರ ತಕ್ಕಡಿ ಕೆಟ್ಟಿದೆ ಎಂದೇ ನಂಬಿದ್ದೆ. ಅವರಿಗೆ ಹಾಗೆಂದು ಎರಡು ಸಲ ಬರೆದೂ ಬರೆದೆ. ಎರಡು ಸಲವೂ ಬಹಳ ವಿನಯದಿಂದ ಅದೇ ಉತ್ತರ ಕಳಿಸಿದರು.

ಕೊನೆಗೆ ಬಿಡಿಸಿ ಹೇಳಿದವರು ನಮ್ಮವರು.

“ನಮ್ಮ ಮಿಲ್ಲಿನಾಗ ಭತ್ತದ ಹೊಟ್ಟು ತುಂಬೋ ಲಾರಿ ನೋಡೀಯಿಲ್ಲ?”

“ನೋಡೀನ್ರಿ. ಬಸುರಿ ಹಂಗ ಹೊಟ್ಟಿ ಬಿಟ್ಕೊಂಡು ಹೊಂಟಿರ್ತದ.”

“ಅದರಾಗ ಭಾರ ಏನರ ಇರ್ತದೇನು? ಆದ್ರ ಲಾರಿಯವ ಬಾಡಗಿ ಕಮ್ಮಿ ತಗೋತಾನೇನು? ಲಾರಿ ತುಂಬ್ತೋ ಇಲ್ಲೋ, ತಗಿ ರೊಕ್ಕ ಅಂತಾನ. ನಿನ್ನ ಡಬ್ಬಿನೂ ಹೊಟ್ಟಿನ ಲಾರಿನ ಆಗೇದ ನೋಡು.”

ಹೊಟ್ಟಿನ ಲಾರಿಗೆ ಹೋಲಿಸಿದ್ದು ಡಬ್ಬಿಯನ್ನೋ ನನ್ನನ್ನೋ ಎಂದು ಒಂದು ಕ್ಷಣ ಸಂಶಯವಾಯಿತು. ಆದರೆ ವಿಷಯ ಅರ್ಥವಾಯಿತು. ಅವರ ಮುಂದೆ ಮಾತ್ರ ‘ನನಗೂ ಹಂಗ ಅನಿಸಿತ್ರಿ’ ಎಂದೆ.

ಬಯಲು ಎನ್ನುವ ಮಾತನ್ನು ನಾನು ಶ್ರಾವಣದ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಎಲ್ಲವೂ ಬಯಲಿನಿಂದ ಬಂದದ್ದು, ಬಯಲಿಗೆ ಹೋಗುವಂಥದ್ದು ಎಂದು ಸ್ವಾಮಿಗಳು ತಿಳಿಸಿ ಹೇಳುವಾಗ, ಸುಳ್ಳೇಕೆ, ಮುಂದೆ ಕುಳಿತವಳ ರವಿಕೆಯ ಕಸೂತಿ ನೋಡುತ್ತ ಕುಳಿತದ್ದೇ ಹೆಚ್ಚು. ಕಂಪನಿಯ ಬಿಲ್ಲು ಬಂದ ಮೇಲೆ ಬಯಲಿನ ವಿಷಯದಲ್ಲಿ ಗಂಭೀರಳಾದೆ. ಏನೂ ಇಲ್ಲದಿರುವುದಕ್ಕೂ ಒಂದು ಆಕಾರವಿದೆ, ಅದಕ್ಕೂ ಜಾಗ ಬೇಕು, ಅದನ್ನು ಹೊತ್ತು ತಿರುಗುವವರಿಗೆ ಅದೇ ಎಲ್ಲಕ್ಕಿಂತ ಭಾರ ಎನ್ನುವುದನ್ನು ಪ್ರವಚನದಲ್ಲಿ ಕೇಳಿದ್ದರೆ ತಲೆದೂಗಿ ಮರೆತುಬಿಡುತ್ತಿದ್ದೆ. ಕಂಪನಿಯವರು ಕಲಿಸಿದ್ದರಿಂದ ನೆನಪಿದೆ.

ಬೆಳಗಿನ ಪೂಜೆಗೆ ಕುಳಿತಾಗಲೂ ಇದೇ ಧ್ಯಾನ. ಕೊರಳಿನ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಖಾಲಿ ಕರಡಿಗೆಯನ್ನು ಹೀಗೆ ಹಿಡಿದು ನೋಡಿದೆ. ಎಷ್ಟು ವರ್ಷದಿಂದ ಕೊರಳಲ್ಲಿ ಕಟ್ಟಿಕೊಂಡಿದ್ದೇನೆ, ಒಂದು ದಿನವೂ ಅದನ್ನು ಡಬ್ಬಿ ಎಂದು ನೋಡಿರಲಿಲ್ಲ. ಒಳಗೆ ಒಂದು ಎಳ್ಳು ಹೊರಳುವಷ್ಟು ಜಾಗ ಹೆಚ್ಚಿಲ್ಲ, ಒಂದು ಎಳ್ಳಿನಷ್ಟು ಕಡಿಮೆಯಿಲ್ಲ. ಮಾಡಿದ ಬೆಳ್ಳಿಗಾರನಿಗೆ ಮನಸ್ಸಿನಲ್ಲೇ ಕೈಮುಗಿದೆ. ಪೂಜೆಯಲ್ಲಿ ಕುಳಿತು ಹೀಗೆಲ್ಲ ಯೋಚಿಸುವುದು ತಪ್ಪೇ ಇರಬಹುದು. ಆದರೆ ದೇವರು ಈ ಕಡೆಯ ಮನೆಗಳಲ್ಲಿ ಎಂಥೆಂಥ ಲೆಕ್ಕದವರ ಅಂಗೈ ಮೇಲೆ ಕುಳಿತು ಬಂದಿದ್ದಾನೋ, ಅವನಿಗೆ ಇದು ಹೊಸದಲ್ಲ.

ಹೀಗೆ ನಾನು ಗಾಳಿ ಹುಡುಕಲು ಹೊರಟೆ. ಮೊದಲು ಸಿಕ್ಕಿದ್ದು ಹಳೆಯ ಪೇಪರು. ರೊಟ್ಟಿ ಮುರಿಯಬಾರದೆಂದು ನಾನು ದೊಡ್ಡ ಡಬ್ಬಿ ತಂದು, ಸುತ್ತ ನಮ್ಮವರು ಓದಿ ಎಸೆದ ದಿನಪತ್ರಿಕೆಗಳನ್ನು ಮುದ್ದೆ ಮಾಡಿ ತುಂಬುತ್ತಿದ್ದೆ. ಪುಣೆಯಲ್ಲಿರುವ ನಮ್ಮ ಕಡೆಯವರೊಬ್ಬರು, ‘ರೊಟ್ಟಿ ಚೆನ್ನಾಗಿವೆ, ಪೇಪರು ಹಳೆಯದಾಯಿತು, ಮುಂದಿನ ಸಲ ಇತ್ತೀಚಿನದು ಹಾಕಿ’ ಎಂದು ಬರೆದಿದ್ದರು. ಅವರಿಗಿನ್ನು ಊರಿನ ಸುದ್ದಿ ಇಲ್ಲ. ಪೇಪರು ತೆಗೆದು ದಪ್ಪ ರಟ್ಟಿನ ಎರಡು ಹಾಳೆಯನ್ನು ರೊಟ್ಟಿಯ ಮೇಲೊಂದು ಕೆಳಗೊಂದು ಇಟ್ಟು ನೋಡಿದೆ. ಮೂರು ಕಟ್ಟು ರೊಟ್ಟಿ ಒಂದರ ಮೇಲೊಂದು ಅಲುಗಾಡದೆ ಕುಳಿತವು. ಒಂದು ಕಟ್ಟಿಗೆ ಹತ್ತು ರೊಟ್ಟಿ, ಡಬ್ಬಿಗೆ ಮೂರು ಕಟ್ಟು. ರವಿಕೆ ಅಳೆಯುವ ಟೇಪು ತಂದು ಲೆಕ್ಕ ಹಾಕಿದೆ. ಅಗಲ ಬಹಳಷ್ಟು ಇಳಿಯಿತು, ಎತ್ತರವೂ ಇಳಿಯಿತು. ಕೆಳಗಿನ ಮೆಟ್ಟಿಲಿಗೆ ಇನ್ನು ಎರಡು ಬೆರಳು ಎತ್ತರ ಇಳಿದರೆ ಸಾಕು.

ಆ ಎರಡು ಬೆರಳು ಎಲ್ಲಿಂದ ತರುವುದು. ನಮ್ಮ ಮನೆಯಲ್ಲಿ ನಾನೇ ಬಡಿದ ಹತ್ತು ರೊಟ್ಟಿಯನ್ನು ಒಣಗಿಸಿ ಒಂದರ ಮೇಲೊಂದು ಇಟ್ಟು ಅಳೆದೆ. ನನ್ನ ರೊಟ್ಟಿಗಳು ಭಾರತದ ನಕಾಶೆಯ ಆಕಾರದವು, ಅಂಚು ದಪ್ಪ. ಆದರೂ ನಾಗಮ್ಮನ ಕಟ್ಟಿಗಿಂತ ಎತ್ತರ ಕಡಿಮೆ ಬಂತು. ಅಂದ ಮೇಲೆ ನಾಗಮ್ಮನ ಕೈ ಇತ್ತೀಚೆಗೆ ದಪ್ಪವಾಗಿದೆ, ಹೇಳಿದರೆ ತೆಳ್ಳಗೆ ಮಾಡುತ್ತಾಳೆ ಎಂದು ತೀರ್ಮಾನಿಸಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ರೊಟ್ಟಿಯಲ್ಲಿ ನಾಗಮ್ಮನನ್ನು ಸೋಲಿಸಿದೆನೆಂಬ ಒಂದು ಸಣ್ಣ ಸಂತೋಷವೂ ಆಯಿತು. ಅದೇ ಉಮೇದಿನಲ್ಲಿ ಗಂಜ್ ಮಾರುಕಟ್ಟೆಯ ಹತ್ತಿರ ರಟ್ಟಿನ ಡಬ್ಬಿ ಮಾಡುವವನಲ್ಲಿಗೆ ಹೋಗಿ ಹೊಸ ಅಳತೆ ಕೊಟ್ಟೆ.

“ಅಕ್ಕಾರ, ಅಳತಿ ಪಕ್ಕಾ ಏನ್ರೀ? ಒಮ್ಮಿ ಕಟ್ ಮಾಡಿದ ಮ್ಯಾಲ ವಾಪಸ್ ಇಲ್ಲ ಮತ್ತ.”

“ಪಕ್ಕಾ” ಎಂದೆ. ನಾನು ಬದುಕಿನಲ್ಲಿ ಇಷ್ಟು ಗಟ್ಟಿಯಾಗಿ ‘ಪಕ್ಕಾ’ ಎಂದದ್ದು ಕಡಿಮೆ. ಹಾಗೆ ಅಂದಾಗಲೆಲ್ಲ ಏನಾಗಿದೆ ಎಂಬುದು ಮನೆಯವರಿಗೆ ಗೊತ್ತು.

ಹೊಸ ಡಬ್ಬಿಗಳ ಅಟ್ಟಿ ಮನೆಗೆ ಬಂತು. ತೆಳ್ಳಗೆ ಬಡಿ ಎಂದು ಹೇಳುವ ಮೊದಲೇ ನಾಗಮ್ಮನ ಬುಟ್ಟಿಯೂ ಬಂತು. ಮೂರು ಕಟ್ಟು ಇಟ್ಟು ಮುಚ್ಚಳ ಹಾಕಿದರೆ ಅದು ಮುಚ್ಚಲಿಲ್ಲ. ಬಲಹಾಕಿ ಒತ್ತಿದೆ. ಒಳಗೆ ಪಟ್ ಎಂದಿತು. ಮುರಿದ ರೊಟ್ಟಿಯನ್ನು ಮೊಸರಿಗೆ ಹಾಕಿಕೊಂಡು ತಿನ್ನುತ್ತ ಕುಳಿತಾಗ ನಾಗಮ್ಮನದೇ ಫೋನು.

“ಯವ್ವಾ, ಖರೇ ಹೇಳ್ರಿ. ರೊಟ್ಟಿ ಮುಂದ ನಡೀತಾವೋ ಇಲ್ಲೋ?”

“ಯಾಕ, ಏನಾತು?”

“ಮೇಸ್ತ್ರಿ ಬಂದು ಕೇಳಾಕತ್ತಾನ್ರಿ. ಅಮಾಸಿ ಆದ ಮ್ಯಾಲ ಗಾಡಿ ಅಂತ. ನೀವು ನೋಡಿದ್ರ ಬಾಡಗಿ ಹೆಚ್ಚಾತು, ಉಳಿಯೂದೇನೂ ಇಲ್ಲ ಅಂತೀರಿ. ನನಗ ಹಂಗೂ ಇಲ್ಲ ಹಿಂಗೂ ಇಲ್ಲ ಆಗೇದ. ನೀವು ಇಲ್ಲಂದ್ರ ಅವಗ ಹೂಂ ಅಂತೀನಿ.”

“ಮಗಳು?”

“ನೀವು ಹೇಳ್ರಿ” ಎಂದಳು.

ನಾಳೆ ಬರುತ್ತೇನೆ, ಬಂದು ಮಾತಾಡುತ್ತೇನೆ ಎಂದೆ. ಅಮಾವಾಸ್ಯೆಗೆ ಇನ್ನೊಂದು ವಾರವಿತ್ತು. ನನ್ನ ಮನೆಯಲ್ಲಿ ಒಬ್ಬಳ ಊರು ಬಿಡುವುದು, ಬಿಡದಿರುವುದು ಎರಡು ಬೆರಳಿನ ಎತ್ತರಕ್ಕೆ ಬಂದು ನಿಂತಿತ್ತು.

ದೇವದುರ್ಗದ ಬಸ್ಸಿನಲ್ಲಿ ನೆರಳಿನ ಕಡೆಯ ಕಿಟಕಿ ಸಿಕ್ಕಿತು. ಆ ದಿನದ ಮೊದಲ ಉಪಕಾರ. ಮಡಿಲಲ್ಲಿ ಮಡಚಿದ ನಾಲ್ಕು ಹೊಸ ಡಬ್ಬಿ. ಗಬ್ಬೂರು ದಾಟುವವರೆಗೂ ನಾಗಮ್ಮನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಹೋದೆ. ಒಳ್ಳೆಯ ರೊಟ್ಟಿ ಬಡಿಯುವವಳಿಗೆ ‘ನಿನ್ನ ರೊಟ್ಟಿ ದಪ್ಪ’ ಎನ್ನುವುದು ಹಾಡುವವಳಿಗೆ ‘ನಿನ್ನ ದನಿ ಒಡಕು’ ಎಂದ ಹಾಗೆ. ಅದರಲ್ಲೂ ಹೇಳುವವಳು ಭಾರತದ ನಕಾಶೆ ಬಡಿಯುವ ನಾನು.

ನಾನು ಹೋದಾಗ ನಾಗಮ್ಮ ಒಲೆಯ ಮುಂದಿದ್ದಳು. ಅವಳ ಮಗಳು ಶಾಲೆಗೆ ಹೋಗಿದ್ದಳು. “ಬರ್ರಿ ಯವ್ವಾ, ಕುಂದ್ರರಿ. ಇವೆರಡು ಬಡದು ಏಳ್ತೀನಿ” ಎಂದಳು. ನಾನು ಕುಳಿತು ಅವಳ ಕೈ ನೋಡಿದೆ. ಹಿಟ್ಟಿನ ಉಂಡೆ ಅವಳ ಅಂಗೈಯ ಕೆಳಗೆ ತಿರುತಿರುಗಿ ಹರಡಿ ಹಂಚಿನಗಲ ಆಯಿತು. ಎಲ್ಲಿಯೂ ದಪ್ಪವಿಲ್ಲ. ದಪ್ಪವಲ್ಲದ ಮೇಲೆ ಎತ್ತರ ಎಲ್ಲಿಂದ ಬಂತು.

ಅಷ್ಟರಲ್ಲಿ ಅವಳು ಒಣಗಿದ ರೊಟ್ಟಿಗಳ ಹತ್ತಿರ ಬಂದು ಕಟ್ಟು ಕಟ್ಟಲು ಕುಳಿತಳು. ಮೊದಲ ರೊಟ್ಟಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಬಟ್ಟೆಯ ಮೇಲಿಟ್ಟು “ಲಾಭ” ಎಂದಳು. ಇದು ನಿಮಗೂ ಗೊತ್ತಿರಬಹುದು. ನಮ್ಮ ಕಡೆ ಜೋಳ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ನಡೆಯುತ್ತದೆ. ಶುಭವಾಗಲೆಂದು ಒಂದಕ್ಕೆ ಇಟ್ಟುಕೊಂಡ ಇನ್ನೊಂದು ಹೆಸರು ಅದು. ನಮ್ಮ ತಂದೆಯೂ ಹಾಗೇ ಅಳೆಯುತ್ತಿದ್ದರು. ನಾನು ಆ ಮಾತು ಕೇಳಿ ತವರಿನ ಪಡಸಾಲೆಯ ನೆನಪಿನಲ್ಲಿ ಅರ್ಧ ಕಣ್ಣು ಮುಚ್ಚಿ ಕುಳಿತಿದ್ದೆ. ನಾಗಮ್ಮ ಎರಡನೆಯ ರೊಟ್ಟಿ ಇಟ್ಟು “ಒಂದು” ಎಂದಳು.

ನಾನು ಕಣ್ಣು ತೆರೆದೆ. ಮೂರನೆಯದಕ್ಕೆ ಅವಳು “ಎರಡು” ಎಂದಳು. ಹತ್ತು ಎನ್ನುವ ಹೊತ್ತಿಗೆ ಕಟ್ಟಿನಲ್ಲಿ ಹನ್ನೊಂದು ರೊಟ್ಟಿ ಕುಳಿತಿದ್ದವು. ಅವಳು ನೂಲು ಸುತ್ತಿ ಗಂಟು ಹಾಕಿ ಪಕ್ಕಕ್ಕಿಟ್ಟಳು.

“ನಾಗಮ್ಮ, ಯಾವತ್ತಿಂದ ಹಿಂಗ ಎಣಿಸಾಕತ್ತಿ?”

“ಹೆಂಗ?”

“ಲಾಭ ಅಂದ ಮ್ಯಾಲ ಒಂದು ಅಂತೀಯಲ್ಲ.”

“ಮತ್ತೇನನ್ನಬೇಕ್ರಿ? ಲಾಭ ದೇವ್ರದು. ಎಣಿಕಿ ನಮ್ದು. ನಮ್ಮವ್ವ ಹಂಗ ಕಲಿಸ್ಯಾಳ. ದೇವ್ರದನ್ನ ಎಣಿಕ್ಯಾಗ ಹಿಡಿಯೂದೇನು?”

ನೋಡಿ, ಅಂದರೆ ಮೊದಲಿನಿಂದ ಇಂದಿನವರೆಗೆ ನಾವು ಮೂವತ್ತು ಎಂದು ಮಾರಿದ ಪ್ರತಿ ಡಬ್ಬಿಯಲ್ಲೂ ಮೂವತ್ತಮೂರು ರೊಟ್ಟಿ ಹೋಗಿವೆ. ಕಡಕ್ ರೊಟ್ಟಿ ಒಣಗಿದ ಮೇಲೆ ಅಲ್ಲಲ್ಲಿ ಸೊಟ್ಟಗಾಗಿ ಒಂದರ ಮೇಲೊಂದು ಹಗುರವಾಗಿ ನಿಲ್ಲುತ್ತದೆ. ಮೂರು ರೊಟ್ಟಿ ಎಂದರೆ ಸರಿಯಾಗಿ ಎರಡು ಬೆರಳು. ಕಟ್ಟು ಬಿಚ್ಚಿ ಎಣಿಸಬೇಕೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ನಾಗಮ್ಮನ ಕಟ್ಟನ್ನು ಎಣಿಸುವುದೆಂದರೆ ಅವಳಿಗೆ ಅವಮಾನ ಮಾಡಿದಂತೆ. ತಿಂದವರಲ್ಲಿ ಒಬ್ಬರೂ ಹೇಳಲಿಲ್ಲ. ಒಂದು ಕಡಿಮೆಯಾಗಿದ್ದರೆ ಫೋಟೊ ಸಮೇತ ಬರೆಯುತ್ತಿದ್ದರು. ಹೆಚ್ಚಾದಾಗ ಮನುಷ್ಯರು ಎಷ್ಟು ಮೌನಿಗಳು. ನಾವು ಲಾಭದಿಂದಲೇ ನಷ್ಟದಲ್ಲಿದ್ದೆವು. ನನಗೆ ನಗು ಬಂತು, ನಗುವುದು ಸರಿಯಲ್ಲ ಎಂದೂ ಅನಿಸಿತು.

ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಡಬ್ಬಿ, ಮೆಟ್ಟಿಲು, ಎರಡು ಬೆರಳು, ಮೂರು ಲಾಭ. ಅವಳು ಮುಖ ಎತ್ತದೆ ಕೇಳಿದಳು.

“ಅಂದ್ರ ದೇವ್ರ ಪಾಲು ತಗದ್ರ ನಾ ಊರಾಗ ಇರಬೌದು. ಇಟ್ರ ಗಾಡಿ ಹತ್ತಬೇಕು. ಹಂಗ ಹೌದಲ್ರಿ?”

ಅವಳು ಹೇಳಿದ ಮೇಲೆ ಅದು ಹಾಗೆಯೇ ಇದೆ ಎಂದು ನನಗೂ ಕಂಡಿತು.

“ಬಾಯಾಗ ಲಾಭ ಅನ್ನು, ಮುಂದ ಎರಡು ಅನ್ನು. ಎಲ್ಲಾರೂ ಹಂಗ ಅಂತಾರ” ಎಂದೆ.

“ಬಾಯಾಗಿನ ಲಾಭ ದೇವ್ರ ಹೊಟ್ಟಿಗೆ ಹೋಗ್ತದೇನ್ರಿ?” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು. “ಇಟ್ಟು ಬಂದೀನಿ ಇಷ್ಟು ದಿನ. ಅವ ನನ್ನ ಊರಾಗ ಇಟ್ಟಾನ. ಈಗ ನಾ ಕೈ ಹಿಂದ ತಗೊಂಡ್ರ ಚಂದೇನ್ರಿ?”

ಪ್ರವಚನ ಕೇಳುತ್ತ ಕಸೂತಿ ನೋಡಿದವಳು ನಾನು. ಕೊಟ್ಟು ಬಂದದ್ದನ್ನು ನಿಲ್ಲಿಸು ಎನ್ನಲು ನಾನ್ಯಾರು. ಲೆಕ್ಕ ನನ್ನ ಕಡೆ ಸರಿಯಿತ್ತು, ಮಾತು ಅವಳ ಕಡೆ ಸರಿಯಿತ್ತು.

ಅವಳು ಎದ್ದು ಒಲೆಯ ಹತ್ತಿರ ಹೋದಳು. ಪರಾತದ ಅಂಚಿನಲ್ಲಿ ಒಂದಿಷ್ಟು ಹಿಟ್ಟು ಉಳಿದಿತ್ತು. ಉಳಿದ ಹಿಟ್ಟಿನಲ್ಲಿ ಮಕ್ಕಳ ಅಂಗೈಯಷ್ಟು ಸಣ್ಣ ರೊಟ್ಟಿ ಬಡಿಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಹಾಗೊಂದನ್ನು ಬಡಿದು ಬೇಯಿಸಿ ಕೆಂಪಗೆ ಕಡಕ್ ಮಾಡಿ ನನ್ನ ಕೈಗಿಟ್ಟಳು. “ಹಸದೀರಿ, ತಿನ್ರಿ. ಚಾ ಇಡ್ತೀನಿ.” ರೊಟ್ಟಿ ಬಿಸಿ ಇತ್ತು. ಮುಂದೆ ಬಿಡಿಸಿಟ್ಟ ಡಬ್ಬಿಯಲ್ಲಿ, ಅವಳು ಅಳತೆ ನೋಡಲೆಂದು ಇಟ್ಟಿದ್ದ ಒಂದು ಕಟ್ಟಿನ ಪಕ್ಕ, ಆರಲಿ ಎಂದು ಅದನ್ನು ಇಟ್ಟೆ. ಚಹಾ ಕುಡಿದು ತಿರುಗಿ ನೋಡಿದರೆ ಅದು ಡಬ್ಬಿಯ ಮೂಲೆಯಲ್ಲಿ ಓರೆಯಾಗಿ, ಅಲ್ಲಿಯೇ ಹುಟ್ಟಿದ ಹಾಗೆ ನಿಂತಿತ್ತು.

ರೊಟ್ಟಿ ದುಂಡಗೆ, ಡಬ್ಬಿ ಚೌಕ. ನಾಲ್ಕು ಮೂಲೆಯೂ ಖಾಲಿ. ಟೇಪು ಹಿಡಿದು ಅಷ್ಟೆಲ್ಲ ಅಳೆದ ನನಗೆ ಈ ನಾಲ್ಕು ಮೂಲೆ ಕಂಡಿರಲೇ ಇಲ್ಲ. ಅಲ್ಲಿದ್ದದ್ದೂ ಗಾಳಿಯೇ, ಅದಕ್ಕೂ ಬಾಡಿಗೆ ಕಟ್ಟಿ ಆಗಿತ್ತು.

“ನಾಗಮ್ಮ, ಲಾಭ ಇಷ್ಟ ಸಣ್ಣದು ಮಾಡು. ಮೂರು ಕಟ್ಟಿಗೆ ಮೂರು. ಒಂದೊಂದು ಮೂಲಿಗೆ ಒಂದೊಂದು. ನಾಕನೇದಕ್ಕ ಚಟ್ನಿ.”

ಅವಳು ಬಂದು ನೋ‍ಡಿದಳು. ಡಬ್ಬಿ ಅವಳಿಗೆ ಇಷ್ಟವಾಯಿತು, ಮಾತು ಇಷ್ಟವಾಗಲಿಲ್ಲ. “ದೇವ್ರಿಗೆ ಉಳದ ಹಿಟ್ಟಿನ ರೊಟ್ಟಿ ಕೊಡೂದೇನ್ರಿ? ಕೂಸಿಗೆ ಕೊಟ್ಹಂಗ?”

“ಉಳದ ಹಿಟ್ಟು ಯಾಕ, ಮೊದಲಿನ ಹಿಟ್ಟಿಲೆ ಮಾಡು. ಎಲ್ಲಾಕಿಂತ ಮೊದಲ ಬಡಿ.”

“ಆದ್ರೂ ಸಣ್ಣದಲ್ರಿ.”

ನಾನು ಸೆರಗಿನೊಳಗಿನಿಂದ ಕರಡಿಗೆ ತೆಗೆದು ತೋರಿಸಿದೆ. “ನಮ್ಮ ದೇವ್ರು ಏನು ಸಣ್ಣವ ಅದಾನೇನು? ಜಗತ್ತೆಲ್ಲಾ ತುಂಬ್ಯಾನ ಅಂತೀವಿ. ಆದ್ರ ನೋಡು, ಇಷ್ಟ ಜಾಗದಾಗ ನನ್ನ ಜೋಡಿ ಬಸ್ಸಿನಾಗ ಬಂದಾನ. ಇಕ್ಕಟ್ಟಾತು ಅಂತ ಒಂದಿನ ಅಂದಿಲ್ಲ.”

ನಾಗಮ್ಮ ಕರಡಿಗೆಯನ್ನು ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಮೂಡಿತು.

“ನಿಮ್ಮ ಹಿರ್ಯಾರಿಗೆ ಈ ಕಂಪನ್ಯಾರ ಕಾಟ ಮೊದಲ ಗೊತ್ತಿತ್ತೇನೋ ಯವ್ವಾ.”

ಆ ದಿನವೇ ಮೂರು ಸಣ್ಣ ರೊಟ್ಟಿ ಬಡಿದಳು. ಒಂದೊಂದನ್ನೂ ಕಣ್ಣಿಗೊತ್ತಿಕೊಂಡು “ಲಾಭ” ಎಂದು ಮೂಲೆಗೆ ನಿಲ್ಲಿಸಿದಳು. ಕಟ್ಟಿನಲ್ಲಿ ಹತ್ತು ಎಂದರೆ ಹತ್ತು. ಮುಚ್ಚಳ ಒತ್ತದೆ ಮುಚ್ಚಿತು. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಯಾವ ಸಪ್ಪಳವೂ ಇಲ್ಲ. ನನ್ನ ಚಟ ಶುರುವಾದದ್ದು ಅಲ್ಲಿಯೇ.

ರಾಯಚೂರಿಗೆ ಬಂದು ಡಬ್ಬಿಗಳನ್ನು ಕಳಿಸಿದೆ. ಕಂಪನಿಯವರು ತಮ್ಮ ಯಂತ್ರದಲ್ಲಿ ಮತ್ತೊಮ್ಮೆ ಅಳೆದ ಮೇಲೆಯೇ ಬಾಡಿಗೆ ಖಾತ್ರಿಯಾಗುವುದು. ಅಲ್ಲಿಯವರೆಗೆ ನಾನು ಫೋನನ್ನು ದೇವರ ಜಗಲಿಯ ಪಕ್ಕದಲ್ಲಿಟ್ಟುಕೊಂಡು ತಿರುಗಿದೆ. ನಮ್ಮವರು ಎರಡು ಸಲ, “ಅದಕ್ಕೂ ಊದಿನಕಡ್ಡಿ ಹಚ್ಚೀಯೇನು?” ಎಂದರು. ಅಮಾವಾಸ್ಯೆಯ ಮುನ್ನಾ ದಿನ ಸಂದೇಶ ಬಂತು. ಕೆಳಗಿನ ಮೆಟ್ಟಿಲು. ಎಲ್ಲ ಡಬ್ಬಿಯೂ. ನಮ್ಮವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿ, “ಹೊಟ್ಟು ಹೋಗಿ ಅಕ್ಕಿ ಆತು ನೋಡು” ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ಸಣ್ಣ ರೊಟ್ಟಿಗಳ ಬಗ್ಗೆ ಜನ ಬರೆಯುತ್ತಾರೆ. ಹೈದರಾಬಾದಿನ ಒಬ್ಬರು, ‘ಮೂರು ರೊಟ್ಟಿ ಅಳತೆಯಲ್ಲಿ ಕಡಿಮೆ ಬಂದಿವೆ, ಹಣ ವಾಪಸು ಮಾಡಿ’ ಎಂದು ಫೋಟೊ ತೆಗೆದು ಕಳಿಸಿದರು. ಅವು ಲೆಕ್ಕಕ್ಕಿಲ್ಲ, ದೇವರ ಪಾಲು ಎಂದು ಉತ್ತರಿಸಿದೆ. ಹಾಗಾದರೆ ದೇವರ ಪಾಲು ನಮಗೇಕೆ ಕಳಿಸಿದಿರಿ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಅವರು ಮುಂದಿನ ವಾರ ಮತ್ತೆ ಎರಡು ಡಬ್ಬಿ ತರಿಸಿಕೊಂಡರು.

ಅಮಾವಾಸ್ಯೆ ಕಳೆದ ಎರಡನೆಯ ದಿನ ಬೆಳಿಗ್ಗೆ ನಾಗಮ್ಮನಿಗೆ ನಾನೇ ಫೋನು ಮಾಡಿದೆ. ಸಂದೇಶ ಬಂದ ದಿನವೇ ಹೇಳಿದ್ದೆ, ಆದರೂ ಮನಸ್ಸು ತಡೆಯಲಿಲ್ಲ. ಗಾಡಿ ಬಂತೇನು ಎಂದು ಕೇಳಿದೆ.

“ಬಂದಿತ್ರಿ. ನಸುಕಿನಾಗ ಹೋತು.”

“ಮೇಸ್ತ್ರಿ ಏನಂದ?”

“ಏನಂತಾನ. ಬರ್ತೀ ಏನು ಅಂದ. ಒಲ್ಲೆ ಅಂದೆ.” ಹಿಂದೆ ಅವಳ ಮಗಳು ಏನನ್ನೋ ಜೋರಾಗಿ ಬಾಯಿಪಾಠ ಮಾಡುತ್ತಿದ್ದದ್ದು ಕೇಳಿಸಿತು. ನಾನು ಇನ್ನೂ ಏನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ, “ಯವ್ವಾ, ಹಿಟ್ಟು ನಾದಿಟ್ಟೀನಿ, ಆರಿ ಹೋಗ್ತದ. ಆಮ್ಯಾಲ ಮಾತಾಡೂಣು” ಎಂದಳು. ನಾನು ಹೂಂ ಎನ್ನುವ ಮೊದಲೇ ಫೋನು ಕಟ್ಟಾಯಿತು.

ಗುಳೆ ಹೋದ ವರ್ಷಗಳಲ್ಲಿ ಅವಳು ಬೆಂಗಳೂರಿನ ಷೆಡ್ಡಿನಿಂದ ಒಮ್ಮೊಮ್ಮೆ ಸಂಜೆ ಫೋನು ಮಾಡುತ್ತಿದ್ದಳು. ಹೇಳುವುದು, ಕೇಳುವುದು ಎಲ್ಲ ಬೇಗ ಮುಗಿಯುತ್ತಿತ್ತು. ‘ಮತ್ತೇನ್ರಿ’ ಎನ್ನುತ್ತಿದ್ದಳು, ನಾನು ‘ಮತ್ತೇನಿಲ್ಲ’ ಎನ್ನುತ್ತಿದ್ದೆ. ಆದರೂ ಫೋನು ಇಡುತ್ತಿರಲಿಲ್ಲ. ಆ ಕಡೆಯಿಂದ ಯಂತ್ರದ ಸದ್ದು, ಯಾರದೋ ಕೆಮ್ಮು ಕೇಳುತ್ತಿತ್ತು. ಅವಳು ಸುಮ್ಮನೆ ಹಿಡಿದುಕೊಂಡು ನಿಂತಿರುತ್ತಿದ್ದಳು. ಇಡಬೇಕಾದವಳು ನಾನೇ ಆಗುತ್ತಿದ್ದೆ, ಇಟ್ಟ ಮೇಲೆ ಬಹಳ ಹೊತ್ತು ಅಡುಗೆ ರುಚಿಸುತ್ತಿರಲಿಲ್ಲ.

ಈಗ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿ ಇಟ್ಟುಬಿಟ್ಟಳು. ಮನೆಯಲ್ಲಿ ಕೆಲಸವಿರುವ ಹೆಂಗಸರು ಫೋನು ಇಡುವುದು ಹೀಗೆಯೇ. ಇಷ್ಟು ವರ್ಷದಲ್ಲಿ ಯಾರೂ ನನ್ನ ಜೊತೆ ಇಷ್ಟು ಚೆಂದವಾಗಿ ಮರ್ಯಾದೆ ತಪ್ಪಿ ನಡೆದುಕೊಂಡಿರಲಿಲ್ಲ.